ಹಳೆಯ ಮೋಟಾರು ಮತ್ತು ದಾರಿಯ ಮೂರನೆಯವನು

ದೆಹಲಿಯ ಕನ್ನಡಿಗರಿಗೆ ಹಳೆಯ ಮೋಟಾರುಗಳ ಮೆರವಣಿಗೆ ಹೊಸದಲ್ಲ. ‘ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ಆರಂಭಿಸಿದ ರ‍್ಯಾಲಿಯನ್ನು ನಮ್ಮಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ್ದೇವೆ. ಊರಿನ ಕಡೆಯೂ ಈ ಹವ್ಯಾಸಕ್ಕೆ ಕೊರತೆಯಿಲ್ಲ. ಧರ್ಮಸ್ಥಳಕ್ಕೆ ಹೋದವರು ಮಂಜುನಾಥನ ದರ್ಶನ ಮುಗಿಸಿ ಅಲ್ಲಿನ ವಾಹನ ಸಂಗ್ರಹಾಲಯವನ್ನೂ ನೋಡಿ ಬರುತ್ತಾರೆ. ನಮ್ಮ ನಮ್ಮ ಮನೆಗಳಲ್ಲಿಯೂ, ತಂದೆಯವರೋ ದೊಡ್ಡಪ್ಪನವರೋ ಓಡಿಸುತ್ತಿದ್ದ ಫಿಯೆಟ್ಟೋ ಅಂಬಾಸಡರೋ ಹಿತ್ತಲಿನ ಶೆಡ್ಡಿನಲ್ಲಿ ಚಾದರ ಹೊದ್ದು ಮಲಗಿರುವುದು ಅಪರೂಪವಲ್ಲ.

ಇಂಥ ಗಾಡಿ ಶೆಡ್ಡಿನಲ್ಲಿರುವವರೆಗೆ ಯಾವ ಪ್ರಶ್ನೆಯೂ ಇಲ್ಲ. ಅದನ್ನು ರಿಪೇರಿ ಮಾಡಿಸಿ, ನಮಗೆ ಬೇಕಾದ ಹಾಗೆ ಒಂದಿಷ್ಟು ಮಾರ್ಪಡಿಸಿ, ಬೆಂಗಳೂರಿನಿಂದ ದೆಹಲಿಯವರೆಗಿನ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಗೆ ಇಳಿಸುತ್ತೇವೆಂದಾಗ ಮಾತ್ರ ವಿಮೆಯ ಪ್ರಶ್ನೆ ಏಳುತ್ತದೆ. ಮೇಲ್ನೋಟಕ್ಕೆ ಇದು ಒಂದು ಫಾರಂ ತುಂಬಿ ಹಣ ಕಟ್ಟುವ ಕೆಲಸ. ಆದರೆ ನಾವು ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ವಯಸ್ಸು ಸವೆಸುತ್ತಿರುವವರು. ಯಾವ ಫಾರಮ್ಮಿನ ಹಿಂದೆಯೂ ಒಂದು ಚರಿತ್ರೆ ಇರುತ್ತದೆಂಬುದನ್ನು ಬಲ್ಲೆವು. ಮೋಟಾರು ವಿಮೆಯ ಚರಿತ್ರೆಯನ್ನು ಕೆದಕಿದರೆ ಕಾಣುವ ಸ್ವಾರಸ್ಯವೇನೆಂದರೆ, ಕಾನೂನು ಕಡ್ಡಾಯ ಮಾಡಿದ್ದು ಮೋಟಾರಿನ ಯಜಮಾನನ ರಕ್ಷಣೆಯನ್ನಲ್ಲ. ಅದರ ಕಣ್ಣಿದ್ದದ್ದು ದಾರಿಯಲ್ಲಿ ನಡೆದುಹೋಗುತ್ತಿದ್ದ ಇನ್ನೊಬ್ಬನ ಮೇಲೆ.

ಆ ಕಥೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಆರಂಭವಾಗುತ್ತದೆ ಎನ್ನಬಹುದು. 1896ರ ಆಗಸ್ಟ್ 17ರಂದು ಅಲ್ಲಿನ ಮೈದಾನದಲ್ಲಿ ಮೋಟಾರು ಗಾಡಿಗಳ ಪ್ರದರ್ಶನ ನಡೆದಿತ್ತು. ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸಿಗೆ ಅಂಥದೊಂದು ಗಾಡಿ ಢಿಕ್ಕಿ ಹೊಡೆಯಿತು. ಆಕೆ ತೀರಿಕೊಂಡಳು. ವಿಚಾರಣೆ ನಡೆಸಿದವರು ಅದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಿದರು. ಬ್ರಿಟನ್ನಿನಲ್ಲಿ ಮೋಟಾರಿಗೆ ಸಿಕ್ಕು ಸತ್ತ ಮೊದಲ ಪಾದಚಾರಿ ಎಂದು ಆಕೆಯ ಹೆಸರು ಚರಿತ್ರೆಯಲ್ಲಿ ಉಳಿದಿದೆ.

ಮುಂದಿನ ಮೂರು ದಶಕಗಳಲ್ಲಿ ಮೋಟಾರುಗಳು ಹೆಚ್ಚಿದವು, ಅಪಘಾತಗಳೂ ಹೆಚ್ಚಿದವು. ಅನುಕೂಲವಂತರು ತಮ್ಮ ಗಾಡಿಗೆ ತಾವೇ ವಿಮೆ ಮಾಡಿಸಿಕೊಳ್ಳುತ್ತಿದ್ದರು. ಮಾಡಿಸಬೇಕೆಂಬ ಕಡ್ಡಾಯವೇನೂ ಇರಲಿಲ್ಲ. ಗಾಯಗೊಂಡವನು ನ್ಯಾಯಾಲಯದಲ್ಲಿ ಗೆದ್ದರೂ ಮೋಟಾರಿನವನ ಹತ್ತಿರ ಕಾಸಿಲ್ಲದಿದ್ದರೆ ಡಿಕ್ರಿಯ ಕಾಗದ ಬರಿಯ ಕಾಗದವಾಗಿಯೇ ಉಳಿಯುತ್ತಿತ್ತು. ಆದ್ದರಿಂದ ಬ್ರಿಟಿಷ್ ಪಾರ್ಲಿಮೆಂಟು 1930ರಲ್ಲಿ ರಸ್ತೆ ಸಂಚಾರ ಕಾಯಿದೆಯನ್ನು ತಂದು ವಿಮೆಯನ್ನು ಕಡ್ಡಾಯಗೊಳಿಸಿತು. ಕರಾರಿನಲ್ಲಿ ಗಾಡಿಯ ಯಜಮಾನ ಒಂದನೆಯವನು, ವಿಮಾ ಕಂಪನಿ ಎರಡನೆಯದು, ಕರಾರಿಗೆ ರುಜುವನ್ನೇ ಹಾಕದ ದಾರಿಹೋಕ ಮೂರನೆಯವನು. ಕಾನೂನು ಬೇಡಿದ್ದು ಈ ಮೂರನೆಯವನಿಗಾಗಿ ವಿಮೆಯನ್ನು. ಯಜಮಾನ ತನ್ನ ಗಾಡಿಗೂ ಮಾಡಿಸಿಕೊಳ್ಳಬೇಕೇ ಬೇಡವೇ ಎಂಬುದು ಅವನ ಇಷ್ಟಕ್ಕೆ ಬಿಟ್ಟ ಸಂಗತಿಯಾಯಿತು.

ನಮ್ಮ ದೇಶದಲ್ಲಿ 1914ರಷ್ಟು ಹಿಂದೆಯೇ ಒಂದು ಮೋಟಾರು ಕಾಯಿದೆ ಇತ್ತು. ಅದರಲ್ಲಿ ನೋಂದಣಿ ಇತ್ತು, ಲೈಸೆನ್ಸ್ ಇತ್ತು. ಕಡ್ಡಾಯ ವಿಮೆ ಇರಲಿಲ್ಲ. 1936-37ರಲ್ಲಿ ಈ ವಿಷಯವನ್ನು ಪರಿಶೀಲಿಸಲು ಒಂದು ಸಮಿತಿ ಕೂತಿತು. ಅದರ ಬೆನ್ನಿಗೇ 1939ರ ಮೋಟಾರು ವಾಹನಗಳ ಕಾಯಿದೆ ಬಂತು. ಅದರ ಎಂಟನೆಯ ಅಧ್ಯಾಯ ಪೂರ್ತಿ ವಿಮೆಗೆ ಮೀಸಲಾಗಿತ್ತು. ಆದರೆ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ನಡುವೆ ಒಂದು ಮಹಾಯುದ್ಧವೇ ಮುಗಿದುಹೋಗಿತ್ತು.

ಕಾಗದದ ಮೇಲಿನ ಹಕ್ಕು ಕೈಗೆ ದಕ್ಕಲು ಮತ್ತಷ್ಟು ಕಾಲ ಬೇಕಾಯಿತು. 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. 1972ರ ಕಾಯಿದೆಯಂತೆ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 1973ರ ಜನವರಿ 1ರಿಂದ 107 ಕಂಪನಿಗಳ ವ್ಯವಹಾರ ನಾಲ್ಕು ಸರ್ಕಾರಿ ಕಂಪನಿಗಳಿಗೆ ಸೇರಿತು. ಅವುಗಳ ಪ್ರಧಾನ ಕಚೇರಿಗಳು ನೆಲೆಗೊಂಡದ್ದು ಮುಂಬಯಿ, ಕಲ್ಕತ್ತ, ಮದರಾಸು, ದೆಹಲಿಗಳಲ್ಲಿ. ಅನಂತರ 1982ರಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಅಲ್ಲಿಯವರೆಗೆ ಸತ್ತವನ ಹೆಂಡತಿ ಮಕ್ಕಳು ಚಾಲಕನ ತಪ್ಪನ್ನು ಸಾಬೀತು ಮಾಡಬೇಕಾಗಿತ್ತು. ಹೆದ್ದಾರಿಯ ನಡುರಾತ್ರಿಯಲ್ಲಿ ನಡೆದುದಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ತಪ್ಪು ಯಾರದೇ ಆಗಿರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವಿಕಲತೆಗೆ 7,500 ರೂಪಾಯಿ ಮೊದಲು ಕೊಟ್ಟುಬಿಡಬೇಕೆಂದು ಆ ವರ್ಷದ ತಿದ್ದುಪಡಿ ವಿಧಿಸಿತು. 1939ರ ಕಾಯಿದೆಯ ಜಾಗಕ್ಕೆ 1988ರ ಕಾಯಿದೆ ಬಂದು 1989ರ ಜುಲೈ 1ರಂದು ಜಾರಿಯಾಯಿತು. ಅದಕ್ಕೆ 2019ರಲ್ಲಾದ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ, ತಪ್ಪನ್ನು ಸಾಬೀತು ಮಾಡದೆಯೇ ಕೇಳಬಹುದಾದ ಮೊತ್ತ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗೆ ಏರಿತು.

ನಮ್ಮಂಥ ವಲಸೆಗಾರರಿಗೆ ಇನ್ನೊಂದು ಉಪಕಾರವೂ ಆಗಿದೆ. ಮೊದಲು ಅಪಘಾತ ನಡೆದ ಪ್ರದೇಶದ ನ್ಯಾಯಮಂಡಳಿಗೇ ಅರ್ಜಿ ಹಾಕಬೇಕಾಗಿತ್ತು. ದೆಹಲಿಯಲ್ಲಿ ನೆಲೆಸಿದ ಸಂಸಾರಕ್ಕೆ ದೂರದ ಯಾವುದೋ ಜಿಲ್ಲೆಯಲ್ಲಿ ಅಪಘಾತವಾದರೆ, ಗೊತ್ತಿಲ್ಲದ ಊರಿಗೆ ವರ್ಷಗಟ್ಟಲೆ ಅಲೆಯಬೇಕಿತ್ತು. 1994ರ ತಿದ್ದುಪಡಿಯ ಅನಂತರ ಅರ್ಜಿದಾರರು ತಾವು ವಾಸವಾಗಿರುವ ಊರಿನ ನ್ಯಾಯಮಂಡಳಿಗೇ ಅರ್ಜಿ ಹಾಕಬಹುದು. ಇದು ಎಲ್ಲರೂ ತಿಳಿದಿರಬೇಕಾದ ಸಂಗತಿ.

ಮೂರನೆಯವನ ಕಥೆ ಇಷ್ಟಾಯಿತು. ಇನ್ನು ಗಾಡಿಯ ಯಜಮಾನನ ಕಡೆಗೆ ಬರೋಣ. ಅವನ ಮುಖ್ಯ ತೊಡಕು ಒಂದೇ: ತನ್ನ ಗಾಡಿಯ ಬೆಲೆ ಎಷ್ಟು?

ಮೊದಮೊದಲು ದೊಡ್ಡ ಮೋಟಾರುಗಳೆಲ್ಲ ಹೇಳಿ ಮಾಡಿಸಿದವುಗಳೇ ಆಗಿದ್ದವು. ರೋಲ್ಸ್‌ರಾಯ್ಸ್‌ನಂಥ ಕಂಪನಿ ಎಂಜಿನ್ನು ಮತ್ತು ಚಾಸಿಯನ್ನು ಮಾತ್ರ ಕೊಡುತ್ತಿತ್ತು. ಮೇಲಿನ ಮೈಯನ್ನು ಬಾರ್ಕರ್, ಹೂಪರ್ ಮುಂತಾದ ಸಾರೋಟು ಕಟ್ಟುವ ಕಂಪನಿಗಳಲ್ಲಿ ಗಿರಾಕಿ ತನ್ನ ಇಷ್ಟದಂತೆ ಕಟ್ಟಿಸಿಕೊಳ್ಳುತ್ತಿದ್ದ. ನಮ್ಮ ಮಹಾರಾಜರುಗಳು ಈ ವಿಷಯದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಎಲ್ಲರನ್ನೂ ಮೀರಿಸಿದ ಗಾಡಿಯೆಂದರೆ ಕಲ್ಕತ್ತದ ಹಂಸದ ಮೋಟಾರು. ಮ್ಯಾಥ್ಯೂಸನ್ ಎಂಬ ಆಂಗ್ಲ ಶ್ರೀಮಂತ ಅದನ್ನು ಇಂಗ್ಲೆಂಡಿನ ಲೋಸ್ಟಾಫ್ಟ್ ಊರಿನ ಬ್ರೂಕ್ ಕಂಪನಿಯಲ್ಲಿ 1910ರಲ್ಲಿ ಮಾಡಿಸಿ ತರಿಸಿಕೊಂಡ. ಗಾಡಿಯ ಮುಂಭಾಗ ಸಾಕ್ಷಾತ್ ದೊಡ್ಡದೊಂದು ಹಂಸ. ಅದರ ಕಣ್ಣು ದೀಪದಂತೆ ಉರಿಯುತ್ತಿತ್ತು, ಕೊಕ್ಕಿನಿಂದ ಬಿಸಿನೀರಿನ ಹಬೆ ಚಿಮ್ಮುತ್ತಿತ್ತು. ಸಾಲದೆಂಬಂತೆ ಹಿಂಬದಿಯಿಂದ ಸುಣ್ಣದ ತಿಳಿಯನ್ನು ರಸ್ತೆಗೆ ಉದುರಿಸಿ ಹಕ್ಕಿಯ ಹಿಕ್ಕೆಯ ಭ್ರಮೆಯನ್ನೂ ಹುಟ್ಟಿಸುತ್ತಿತ್ತು! ಕಲ್ಕತ್ತದ ಬೀದಿಗಳಲ್ಲಿ ಗಾಬರಿಯೋ ಗಾಬರಿ. ಪೊಲೀಸರು ಅದನ್ನು ರಸ್ತೆಗೆ ತರಕೂಡದೆಂದು ತಡೆದರು. ಆಮೇಲೆ ಅದು ನಾಭಾದ ಮಹಾರಾಜರ ಪಾಲಾಗಿ, ಈಗ ನೆದರ್ಲೆಂಡ್ಸಿನ ಒಂದು ಸಂಗ್ರಹಾಲಯದಲ್ಲಿದೆ.

ಇಂಥ ಗಾಡಿಗೆ ವಿಮಾ ಗುಮಾಸ್ತ ಯಾವ ಬೆಲೆಯನ್ನು ಬರೆಯಬೇಕು? ಸಂತೆಯಲ್ಲಿ ಇಂಥದು ಇನ್ನೊಂದಿದ್ದರೆ ತಾನೆ ಹೋಲಿಸಿ ನೋಡುವುದು? ಹೇಳಿ ಮಾಡಿಸಿದ ಎಲ್ಲ ಗಾಡಿಗಳದೂ, ಹಳೆಯದಾಗಿ ಅಪರೂಪವಾದ ಎಲ್ಲ ಗಾಡಿಗಳದೂ ಇದೇ ಪಾಡು. ಸಾಮಾನ್ಯ ಗಾಡಿ ವರ್ಷ ಕಳೆದಂತೆ ಬೆಲೆ ಕಳೆದುಕೊಳ್ಳುತ್ತದೆ. ಇವುಗಳ ಬೆಲೆ ವರ್ಷ ಕಳೆದಂತೆ ಏರಲೂಬಹುದು. ವಿಮೆಯ ಲೆಕ್ಕಾಚಾರವಾದರೋ ಇಳಿಯುವ ಬೆಲೆಯನ್ನೇ ನಂಬಿ ಕಟ್ಟಿದ್ದು.

2002ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ವಿಮಾ ದರಪಟ್ಟಿಯನ್ನು ನೋಡಿದರೆ ಈ ತೊಡಕು ಎದ್ದುಕಾಣುತ್ತದೆ. ಹೊಸ ಗಾಡಿಗೆ ಆರು ತಿಂಗಳವರೆಗೆ ಶೇಕಡಾ 5 ಸವಕಳಿ. ನಾಲ್ಕು ವರ್ಷ ದಾಟಿ ಐದು ತುಂಬುವ ಹೊತ್ತಿಗೆ ಶೇಕಡಾ 50. ಐದು ವರ್ಷ ಮೀರಿದ ಗಾಡಿಗೂ ತಯಾರಿಕೆ ನಿಂತುಹೋದ ಮಾದರಿಗೂ ಕೋಷ್ಟಕವೇ ಇಲ್ಲ. ಕಂಪನಿ ಮತ್ತು ಯಜಮಾನ ಮಾತಾಡಿಕೊಂಡು ಬೆಲೆಯನ್ನು ಗೊತ್ತುಮಾಡಬೇಕು. ಅದಲ್ಲದೆ ‘ಒಪ್ಪಿತ ಬೆಲೆ’ಯ ಪಾಲಿಸಿ ಎಂಬ ಇನ್ನೊಂದು ಬಗೆಯಿದೆ. ಗಾಡಿ ಪೂರ್ತಿ ಹಾಳಾದರೆ, ಮೊದಲೇ ಒಪ್ಪಿ ಬರೆದ ಮೊತ್ತವನ್ನು ಸವಕಳಿ ಕಳೆಯದೆ ಕೊಡುವ ಪಾಲಿಸಿ ಅದು. ಹಳೆಯ ಗಾಡಿಗೆ ಹೇಳಿ ಮಾಡಿಸಿದಂಥದು. ಆದರೆ ಆ ದರಪಟ್ಟಿ ಅದನ್ನು ವಿಂಟೇಜ್ ಕಾರುಗಳಿಗೆ ಮಾತ್ರ ಅನುಮತಿಸಿತ್ತು. ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು. ಅವಕ್ಕೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 25 ರಿಯಾಯಿತಿಯೂ ಇತ್ತು. ನಮ್ಮ ಅಂಬಾಸಡರು ಹುಟ್ಟಿದ್ದು 1958ರಲ್ಲಿ. ಅಂದಮೇಲೆ ನಮ್ಮ ಮನೆಗಳ ಹಿತ್ತಲಿನಲ್ಲಿರುವ ಗಾಡಿಗಳಿಗೆ ಆ ಭಾಗ್ಯವಿರಲಿಲ್ಲ.

ಆದ್ದರಿಂದ ಅನೇಕರು ಹಳೆಯ ಗಾಡಿಗೆ ಕಡಿಮೆ ಬೆಲೆ ಬರೆಸಿ, ಪ್ರೀಮಿಯಂ ಉಳಿಸಿದೆವೆಂದು ಸಂತೋಷಪಡುತ್ತಾರೆ. ಇದರ ಲೆಕ್ಕವನ್ನು ಒಮ್ಮೆ ನೋಡೋಣ. ಬರೆಸಿದ ಬೆಲೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ರಿಪೇರಿಯ ಖರ್ಚು ಬರೆಸಿದ ಬೆಲೆಯ ಶೇಕಡಾ 75ನ್ನು ಮೀರಿದರೆ ಗಾಡಿ ಪೂರ್ತಿ ನಷ್ಟವಾಯಿತೆಂದೇ ದರಪಟ್ಟಿಯ ಲೆಕ್ಕ. ಅಂದರೆ 45,000 ದಾಟಿದರೆ ಸಾಕು. ಹಳೆಯ ಗಾಡಿಯ ಮುಂಭಾಗ ನುಗ್ಗಾಗಿ, ರೇಡಿಯೇಟರು ಒಡೆದು, ಮಡ್ಗಾರ್ಡನ್ನು ತಗಡಿನಿಂದ ಹೊಸದಾಗಿ ಬಡಿಸಬೇಕಾದರೆ ಅಷ್ಟು ಖರ್ಚಾಗುವುದು ಕಷ್ಟವೇನಲ್ಲ. ತಂದೆಯವರ ಗಾಡಿ ಕಂಪನಿಯ ಲೆಕ್ಕದಲ್ಲಿ ಗುಜರಿಯಾಗಿಬಿಡುತ್ತದೆ. ಖರ್ಚು ಅದಕ್ಕಿಂತ ಕಡಿಮೆಯಾದರೂ ಪೂರ್ತಿ ಹಣ ಕೈಗೆ ಬರುವುದಿಲ್ಲ. ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಕ್ಕೆ ಶೇಕಡಾ 50 ಸವಕಳಿ. ರಬ್ಬರು, ಪ್ಲಾಸ್ಟಿಕ್ಕಿಗೆ ಶೇಕಡಾ 50. ಫೈಬರ್‌ಗ್ಲಾಸಿಗೆ ಶೇಕಡಾ 30. ಗಾಜಿಗೆ ಮಾತ್ರ ಸವಕಳಿಯಿಲ್ಲ. 20,000 ರೂಪಾಯಿಯ ಲೋಹದ ಭಾಗಕ್ಕೆ 10,000 ನಮ್ಮ ಕಿಸೆಯಿಂದಲೇ ಹೋಗಬೇಕು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಮೂರು ಚಕ್ರದ ‘ಬಾದಲ್’ ಕಾರನ್ನು ಕೆಲವರು ಮರೆತಿರಲಾರರು. ಅದರ ಮೈ ಫೈಬರ್‌ಗ್ಲಾಸಿನದು. ಈ ಒಂದು ಬಾಬ್ತಿನಲ್ಲಿ ಅಂಬಾಸಡರಿಗಿಂತ ಬಾದಲ್ಲೇ ಅದೃಷ್ಟಶಾಲಿ!

2007ರ ಜನವರಿ 1ರಿಂದ ಸ್ವಂತ ಹಾನಿಯ ದರಗಳ ಮೇಲಿನ ನಿಯಂತ್ರಣ ಹೋಯಿತು. ಅಲ್ಲಿಂದೀಚೆಗೆ ಕಂಪನಿಯಿಂದ ಕಂಪನಿಗೆ ದರ ಬೇರೆ, ಚೌಕಾಸಿಗೆ ಜಾಗವುಂಟು. ಮೂರನೆಯವನ ಪಾಲಿನ ದರವನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟುಕೊಟ್ಟಿಲ್ಲ. ಈ ವ್ಯತ್ಯಾಸದಲ್ಲಿಯೇ ಕಾನೂನಿನ ಮನಸ್ಸು ಎತ್ತ ಇದೆಯೆಂದು ತಿಳಿಯುತ್ತದೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆಂದೇ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಗಾಡಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ ಹತ್ತು ವರ್ಷ. 2022ರ ಜೂನ್ 1ರಿಂದ ಜಾರಿಗೆ ಬಂದ ದರಗಳಲ್ಲಿ ವಿಂಟೇಜ್ ಎಂದು ನೋಂದಾಯಿಸಿದ ಖಾಸಗಿ ಕಾರಿಗೆ ಮೂರನೆಯವನ ಪಾಲಿನ ಪ್ರೀಮಿಯಮ್ಮಿನಲ್ಲಿ ಅರ್ಧ ರಿಯಾಯಿತಿಯನ್ನೂ ಕೊಟ್ಟರು. ಆ ದರಗಳಂತೆ 1,500 ಸಿಸಿ ಮೀರಿದ ಕಾರಿಗೆ 7,897 ರೂಪಾಯಿ. ವಿಂಟೇಜ್ ಆದರೆ ಅದರಲ್ಲಿ ಅರ್ಧ.

ಇಲ್ಲಿಗೆ ಎಲ್ಲವೂ ಸುಸೂತ್ರವಾಯಿತೆಂದು ತಿಳಿಯುವಂತಿಲ್ಲ. ಆ ನಿಯಮಗಳಿಗೆ ಎರಡು ಕೊಕ್ಕೆಗಳಿವೆ. ಮೊದಲನೆಯದು, ಗಾಡಿ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಎರಡನೆಯದು, ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲು ಇಂಥವಕ್ಕೆ ರಸ್ತೆಗೆ ತರಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಕಡಿಮೆ ಓಡುವ ಗಾಡಿಯಿಂದ ಅಪಾಯವೂ ಕಡಿಮೆಯೆಂದೇ ರಿಯಾಯಿತಿ ಕೊಟ್ಟಿರಬೇಕೆಂದು ನಮ್ಮ ಊಹೆ. ಅಂತೂ ಇಷ್ಟಬಂದಂತೆ ಮಾರ್ಪಡಿಸಬೇಕು, ಹಳೆಯದೆಂಬ ರಿಯಾಯಿತಿಯೂ ಬೇಕು, ದೂರದೂರಕ್ಕೆ ಓಡಿಸಲೂ ಬೇಕು ಎಂದರೆ ಮೂರು ಆಸೆಗಳೂ ಒಂದೇ ನೊಗಕ್ಕೆ ಹೂಡಿಸಿಕೊಳ್ಳುವುದಿಲ್ಲ. ಅಲ್ಲದೆ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಕೂಡದೆಂದು 1988ರ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಹಳೆಯ ಗಾಡಿಗೆ ಬೇರೆ ಎಂಜಿನ್ನು ಕೂರಿಸಿ, ನೋಂದಣಿ ಪುಸ್ತಕದಲ್ಲಿ ನಮೂದಿಸದೆ, ವಿಮೆಯವರಿಗೂ ತಿಳಿಸದೆ ಹೊರಟವರು ಸ್ವಂತ ಹಾನಿಯ ಹಣ ಬರುತ್ತದೆಂದು ನಂಬಿಕೊಳ್ಳುವಂತಿಲ್ಲ.

ಇನ್ನು ದೂರದ ಮಾತು. 1968ರ ನವೆಂಬರ್ 24ರಂದು ಲಂಡನ್ನಿನಿಂದ ಸಿಡ್ನಿಗೆ ಮೋಟಾರುಗಳ ಮಹಾಸ್ಪರ್ಧೆಯೊಂದು ಹೊರಟಿತು. ಹೊರಟ ಸ್ಥಳ ಅದೇ ಕ್ರಿಸ್ಟಲ್ ಪ್ಯಾಲೇಸ್! 72 ವರ್ಷಗಳ ಹಿಂದೆ ನಡೆಯುವಷ್ಟು ವೇಗದ ಗಾಡಿಗೆ ಒಬ್ಬಳು ಬಲಿಯಾಗಿದ್ದ ಮೈದಾನದಿಂದ ಹೊರಟ ಕಾರುಗಳು ಕಾಬೂಲು, ದೆಹಲಿಗಳನ್ನು ಹಾದು ಮುಂಬಯಿಗೆ ಬಂದು ಹಡಗು ಹತ್ತಿದವು. ಅಂಥ ಸ್ಪರ್ಧೆಯ ಕನಸು ಕಾಣುವವರು ಒಂದು ವಿಷಯ ತಿಳಿದಿರಬೇಕು. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಪಂದ್ಯ, ವೇಗಪರೀಕ್ಷೆಗಳು ಸೇರುವುದಿಲ್ಲ. ರ‍್ಯಾಲಿಗೆ ಹೋಗುವುದಾದರೆ ಪ್ರತ್ಯೇಕ ಹಿಂಬರಹ ಬರೆಸಬೇಕು. ದೇಶದ ಗಡಿ ದಾಟುವುದಾದರೂ ಅಷ್ಟೆ. ಯುರೋಪಿನ ದೇಶಗಳು 1953ರಿಂದ ‘ಹಸಿರು ಕಾರ್ಡಿ’ನ ಏರ್ಪಾಡು ಮಾಡಿಕೊಂಡು ಒಬ್ಬರ ವಿಮೆಯನ್ನು ಇನ್ನೊಬ್ಬರು ಮನ್ನಿಸುತ್ತ ಬಂದಿದ್ದಾರೆ. ನಮ್ಮ ಪಾಲಿಸಿ ಭಾರತದೊಳಗೆ ಮಾತ್ರ ಸಲ್ಲುವಂಥದು. ನೇಪಾಳ, ಭೂತಾನ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗಳಿಗೆ ಅದನ್ನು ವಿಸ್ತರಿಸಲು 2002ರ ದರಪಟ್ಟಿ 500 ರೂಪಾಯಿಯ ಹೆಚ್ಚುವರಿ ಕಂತನ್ನು ಗೊತ್ತುಮಾಡಿತ್ತು.

ಗಡಿಯೊಳಗಿನ ಪ್ರಯಾಣವೇ ನಮ್ಮಲ್ಲಿ ಹೆಚ್ಚಿನವರದು. ದಾರಿಯಲ್ಲಿ ಹಳೆಯ ಗಾಡಿಗೆ ಬರುವ ಮುಖ್ಯ ಕಷ್ಟವೆಂದರೆ ಎಂಜಿನ್ನು ಕೆಡುವುದು. ಯಂತ್ರ ಸವೆದು ಕೆಟ್ಟರೆ ವಿಮೆ ಏನನ್ನೂ ಕೊಡುವುದಿಲ್ಲ. ವಿಮೆ ಇರುವುದು ಆಕಸ್ಮಿಕಕ್ಕೆ, ಮುಪ್ಪಿಗಲ್ಲ. ಅಪಘಾತವಾಗಿ ಗಾಡಿಯನ್ನು ಎಳೆಸಿಕೊಂಡು ಹೋಗಬೇಕಾದರೆ ಆ ದರಪಟ್ಟಿಯಂತೆ ಖಾಸಗಿ ಕಾರಿಗೆ ಸಿಗುವುದು ಹೆಚ್ಚೆಂದರೆ 1,500 ರೂಪಾಯಿ. ಹೆದ್ದಾರಿಯ ನಡುವೆ ಅಷ್ಟರಲ್ಲಿ ಎಷ್ಟು ದೂರ ಎಳೆದಾರೆಂಬುದನ್ನು ಓದುಗರೇ ಊಹಿಸಬಹುದು. ಇನ್ನೊಂದು ಮಾತು, ನಾವು ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರದಿಂದ. ವೇಗ ಇಮ್ಮಡಿಯಾದರೆ, ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ಹಿಂದಿನ ಕಾಲದ ರಸ್ತೆಗೆಂದು ಮಾಡಿದ ಬ್ರೇಕನ್ನು ಇಂದಿನ ಹೆದ್ದಾರಿಯ ವೇಗಕ್ಕೆ ಒಡ್ಡಿದಾಗ ಅಪಾಯ ಮೊದಲು ಮುಟ್ಟುವುದು ಆ ಮೂರನೆಯವನನ್ನೇ.

ವಲಸೆ ಬಂದ ಸಂಸಾರಗಳು ವಿಶೇಷವಾಗಿ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಹೇಳಿ ಮುಗಿಸುತ್ತೇವೆ. ಊರಿನ ಗಾಡಿ ಬಹುಮಟ್ಟಿಗೆ ತಂದೆಯವರ ಹೆಸರಿನಲ್ಲಿರುತ್ತದೆ. ಅವರು ತೀರಿಕೊಂಡರೆ ಪಾಲಿಸಿ ಆ ಕ್ಷಣವೇ ರದ್ದಾಗುವುದಿಲ್ಲ. ಮೂರು ತಿಂಗಳು ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಕರ್ಮಾಂತರಗಳನ್ನು ಮುಗಿಸಿ, ಅಣ್ಣತಮ್ಮಂದಿರು ಮಾತಾಡಿಕೊಂಡು, ರಜೆ ಮುಗಿಯಿತೆಂದು ದೆಹಲಿಗೋ ಪುಣೆಗೋ ಮರಳುವ ಹೊತ್ತಿಗೆ ಆ ಮೂರು ತಿಂಗಳು ಕಳೆದೇ ಹೋಗಿರುತ್ತದೆ. ಮುಂದಿನ ವರ್ಷ ಬಂದು ಅದೇ ಗಾಡಿಯನ್ನು ತೆಗೆದವರು ವಿಮೆಯಿಲ್ಲದ ಗಾಡಿಯನ್ನು ಓಡಿಸುತ್ತಿರುತ್ತಾರೆ. ಅದಕ್ಕೆ ಮೊದಲ ಬಾರಿ 2,000 ರೂಪಾಯಿ ದಂಡವೋ ಮೂರು ತಿಂಗಳವರೆಗಿನ ಸೆರೆಯೋ ಎರಡೂ ಆಗಬಹುದು. ಅದಕ್ಕಿಂತ ದೊಡ್ಡದು, ಯಾರಿಗಾದರೂ ಢಿಕ್ಕಿಯಾದರೆ ಕಟ್ಟಬೇಕಾದ ಪರಿಹಾರ. ಅದಕ್ಕೆ ಊರಿನ ಮನೆಯನ್ನೇ ಮಾರಬೇಕಾದೀತು.

ಆದ್ದರಿಂದ ಗಾಡಿಯನ್ನು ಹೊರತೆಗೆಯುವ ಮುನ್ನ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗಿದೆಯೇ ನೋಡಿ. ಅವಧಿ ಮುಗಿದ ಪಾಲಿಸಿಯನ್ನು ಹೊಸದು ಮಾಡಿಸುವಾಗ ಕಂಪನಿಯವರು ಗಾಡಿಯನ್ನು ಪರೀಕ್ಷಿಸಬಹುದು. ಅದಕ್ಕೆ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮಾರ್ಪಾಡುಗಳಿದ್ದರೆ ಬರೆದು ತಿಳಿಸಿ. ಬೆಲೆಯನ್ನು ಅಂದಾಜುಗಾರರಿಂದ ಬರೆಸಿ, ಚಿತ್ರಗಳನ್ನೂ ರಿಪೇರಿಯ ರಸೀದಿಗಳನ್ನೂ ಜೋಡಿಸಿ, ಆ ಬೆಲೆ ಪಾಲಿಸಿಯಲ್ಲಿ ಅಚ್ಚಾಗಿದೆಯೇ ಪರಿಶೀಲಿಸಿ. ಊರಿನ ಗಾಡಿಯನ್ನು ಬೇರೆ ರಾಜ್ಯಕ್ಕೆ ತಂದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕೆಂಬುದೂ ನೆನಪಿರಲಿ. ಪ್ರೀಮಿಯಂ ಪಾವತಿಯಾಗುವ ಮೊದಲು ವಿಮೆಯ ಹೊಣೆ ಆರಂಭವಾಗುವುದಿಲ್ಲ. ಏಜೆಂಟರ ಬಾಯಿಮಾತನ್ನು ನಂಬಿ ಹೊರಡದೆ, ಪಾಲಿಸಿ ಕೈಗೆ ಬಂದ ಮೇಲೆಯೇ ಹೊರಡಿ.

ಸ್ವಂತ ಹಾನಿಯ ಭಾಗವನ್ನು ಬೇಕಾದರೆ ಬಿಡಿ, ಬೇಡವಾದರೆ ಇಡಿ. ಗಾಡಿ ನಿಮ್ಮದು, ನಷ್ಟವೂ ನಿಮ್ಮದು. ಆದರೆ ದಾರಿಯಲ್ಲಿ ನಡೆದುಹೋಗುವವನ ಪಾಲನ್ನು ಉಳಿಸಿಕೊಳ್ಳುವ ಹಕ್ಕು 1946ರಿಂದೀಚೆಗೆ ನಮ್ಮ ದೇಶದಲ್ಲಿ ಯಾವ ಖಾಸಗಿ ಮೋಟಾರಿನ ಯಜಮಾನನಿಗೂ ಇಲ್ಲ.